ಎಂಟನೆಯ ತರಗತಿಯ ಆಚೆ

ಒಂಬತ್ತನೆಯ ತರಗತಿ ಎಂಬುದೇ ಇಲ್ಲದ ಶಾಲೆಗಳು ಈ ಜಗತ್ತಿನಲ್ಲಿವೆ. ಅಲ್ಲಿಯ ಮಕ್ಕಳು ಓದಿನಲ್ಲಿ ಹಿಂದುಳಿದವರಲ್ಲ. ಅವರ ತಂದೆತಾಯಿಗಳು ನಿರ್ಗತಿಕರಲ್ಲ. ಪ್ರೌಢಶಾಲೆಗೆ ಹೋಗಲು ದಾರಿ ಇಲ್ಲವೆಂದೂ ಅಲ್ಲ. ಆದರೂ ನೀವು ಇಂದು ಕುಳಿತಿರುವ ಬೆಂಚಿನ ಮೇಲೆ ಅವರು ಎಂದೂ ಕುಳಿತುಕೊಳ್ಳುವುದಿಲ್ಲ. ಎಂಟನೆಯ ತರಗತಿ ಮುಗಿದ ದಿನ ಅವರು ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ, ಮರುದಿನದಿಂದ ತಂದೆಯ ಹೊಲಕ್ಕೋ ತಾಯಿಯ ಅಡುಗೆಮನೆಗೋ ನಡೆಯುತ್ತಾರೆ. ಅದನ್ನು ಅವರ ಸಮುದಾಯವು ನಷ್ಟವೆಂದು ಭಾವಿಸುವುದಿಲ್ಲ.

ಇವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ಆಮಿಶ್ ಎಂಬ ಕ್ರೈಸ್ತ ಪಂಗಡದವರ ಹಳ್ಳಿಯ ಶಾಲೆಗಳು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಕಡೆಯಿಂದ 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಈ ಜನ ಇಂದು ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 4 ಲಕ್ಷದಷ್ಟಿದ್ದಾರೆ. ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಕಟ್ಟಿದ ಬಂಡಿಯಲ್ಲಿ ಓಡಾಡುತ್ತಾರೆ. ಮನೆಗೆ ವಿದ್ಯುತ್ತಿನ ತಂತಿ ಎಳೆಸಿಕೊಳ್ಳುವುದಿಲ್ಲ. ಸರಳ ಉಡುಪು, ಬೇಸಾಯ, ಮರಗೆಲಸ, ಪರಸ್ಪರ ಸಹಾಯ ಇವು ಅವರ ಬಾಳಿನ ಕ್ರಮ.

ಅವರ ಶಾಲೆಯೂ ಹಾಗೆಯೇ ಸರಳವಾದುದು. ಒಂದು ಕೋಣೆ, ಹೆಚ್ಚೆಂದರೆ ಎರಡು. ಮೂವತ್ತರ ಆಸುಪಾಸಿನಲ್ಲಿ ಮಕ್ಕಳು. ಒಂದರಿಂದ ಎಂಟರವರೆಗಿನ ಎಲ್ಲ ತರಗತಿಗಳೂ ಒಂದೇ ಸೂರಿನ ಕೆಳಗೆ. ಕಟ್ಟಡವನ್ನು ಊರಿನ ತಂದೆಯರೇ ಕೂಡಿ ಕಟ್ಟುತ್ತಾರೆ. ಅವರದೇ ಒಂದು ಸಮಿತಿ ಉಪಾಧ್ಯಾಯರನ್ನು ನೇಮಿಸಿ ಸಂಬಳ ಕೊಡುತ್ತದೆ. ಉಪಾಧ್ಯಾಯರೆಂದರೆ ಹೆಚ್ಚಾಗಿ ಮದುವೆಯಾಗದ ತರುಣಿ. ಆಕೆಯೂ ಅಂಥದೇ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವಳು. ಮನೆಯ ಮಾತು ಜರ್ಮನ್ ಭಾಷೆಯ ಒಂದು ಒಳನುಡಿ. ಶಾಲೆಯ ಮಾತು ಇಂಗ್ಲಿಷು. ಧರ್ಮಗ್ರಂಥವನ್ನು ಓದುವುದಕ್ಕಾಗಿ ಶಿಷ್ಟ ಜರ್ಮನ್ನನ್ನೂ ಕಲಿಸುತ್ತಾರೆ. ಓದು, ಕಾಗುಣಿತ, ದುಂಡಗಿನ ಬರಹ, ಲೆಕ್ಕ ಇವೇ ಮುಖ್ಯ ಪಾಠಗಳು. ಒಂದು ತರಗತಿ ಮುಂದೆ ಬಂದು ಪಾಠ ಒಪ್ಪಿಸುತ್ತಿರುವಾಗ ಉಳಿದವರು ತಮ್ಮ ಸ್ಥಳದಲ್ಲಿ ಕುಳಿತು ಲೆಕ್ಕ ಬಿಡಿಸುತ್ತಾರೆ; ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಮೊದಲ ಸ್ಥಾನಕ್ಕಾಗಿ ಒಬ್ಬರನ್ನೊಬ್ಬರು ಹಿಂದೆ ಹಾಕುವ ಆತುರ ಅಲ್ಲಿ ಕಾಣದು.

ಈ ವಿವರಗಳನ್ನು ನಾನು ಮೊದಲ ಸಲ ಓದಿದಾಗ ನನಗೆ ಪೆನ್ಸಿಲ್ವೇನಿಯಾ ನೆನಪಿಗೆ ಬರಲಿಲ್ಲ. ಅದನ್ನು ನಾನು ಕಂಡವನೂ ಅಲ್ಲ. ನೆನಪಿಗೆ ಬಂದುದು ನನ್ನ ತಂದೆಯವರು ಮಾನ್ವಿಯ ಕಡೆಯ ಹಳ್ಳಿಯೊಂದರಲ್ಲಿ ಕಲಿತ ಕೂಲಿಮಠ. ಸರಕಾರದ ಶಾಲೆಗಳು ಹಳ್ಳಿಗಳನ್ನು ಮುಟ್ಟುವುದಕ್ಕೆ ಮುಂಚೆ ನಮ್ಮ ನಾಡಿನ ಅಕ್ಷರವೆಲ್ಲ ಕೂಲಿಮಠಗಳಲ್ಲಿಯೇ ಬೆಳೆಯಿತು. ಊರಿನ ಗುಡಿಯ ಪಡಸಾಲೆಯೋ ಗೌಡರ ಮನೆಯ ಕಟ್ಟೆಯೋ ಶಾಲೆ. ಅಯ್ಯನವರು ಉಪಾಧ್ಯಾಯರು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದು. ಅದು ಕೈಗೆ ಕೂತ ಮೇಲೆ ಹಲಗೆ, ಬಳಪ. ಸಂಜೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳಬೇಕು. ಬರಿಯ ಎರಡು ಮೂರರ ಮಗ್ಗಿಯಲ್ಲ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಬಾಯಿಗೆ ಬರಬೇಕು. ತಂದೆಯವರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿಯೂ ಅಂಗಡಿಯವನು ಕಾಗದ ತೆಗೆಯುವುದರೊಳಗೆ ಮೊತ್ತ ಹೇಳಿಬಿಡುತ್ತಿದ್ದರು. ಅಯ್ಯನವರಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಜೋಳ, ಹಬ್ಬಕ್ಕೆ ಒಂದು ಪಂಚೆ. ಮಹಾನವಮಿಯಲ್ಲಿ ಮಕ್ಕಳು ಪದ ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು. ಕೂಡಿದ ಕಾಸು ಅಯ್ಯನವರಿಗೆ, ಚುರುಮುರಿ ಮಕ್ಕಳಿಗೆ.

ಇಂಥ ಶಾಲೆಗಳ ಬಗ್ಗೆ ಒಂದು ಹಳೆಯ ಲೆಕ್ಕವೂ ಉಳಿದುಬಂದಿದೆ. ರಾಯಚೂರು ಸೀಮೆಯದಲ್ಲ, ತುಂಗಭದ್ರೆಯ ಆಚೆ ದಡದ್ದು. ಮದರಾಸು ಸರಕಾರದ ಆಜ್ಞೆಯಂತೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿದ. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅನಂತಪುರದ ಸೀಮೆಯೂ ಅದರಲ್ಲಿ ಸೇರಿತ್ತು. ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅಂದರೆ ಒಂದು ಶಾಲೆಗೆ ಹನ್ನೆರಡು ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, ಉಳಿದವುಗಳಲ್ಲಿ ಸಂಸ್ಕೃತ, ಮರಾಠಿ, ಪಾರಸಿ, ತಮಿಳು; ಇಂಗ್ಲಿಷಿನ ಶಾಲೆ ಒಂದೇ ಒಂದು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾನೆ. ಆದರೆ ಆತನೇ ಇನ್ನೊಂದು ಮಾತನ್ನೂ ಬರೆದ: ಬಡತನ ಹೆಚ್ಚಿ, ಮಕ್ಕಳ ಎಳೆಯ ಕೈಕಾಲುಗಳು ಅಲ್ಪಸ್ವಲ್ಪ ಕೆಲಸಕ್ಕೆ ಒದಗುತ್ತಲೇ ತಂದೆತಾಯಿಗಳು ಅವರನ್ನು ದುಡಿಮೆಗೆ ಹಚ್ಚಬೇಕಾಗಿ ಬಂದಿದೆ, ಶಾಲೆಗಳು ಕ್ಷೀಣಿಸುತ್ತಿವೆ. 6,641 ಮಂದಿಯಲ್ಲಿ ಹೆಣ್ಣುಮಕ್ಕಳು 60. ಕೂಲಿಮಠವನ್ನು ಹೊಗಳುವವರು ಈ ಅಂಕಿಯನ್ನು ಬಿಟ್ಟು ಹೊಗಳಬಾರದು. ಅಯ್ಯನವರ ಕೋದಂಡ ಶಿಕ್ಷೆಯನ್ನೂ ಮರೆಯಬಾರದು. ಹಗ್ಗಕ್ಕೆ ಕೈಕಟ್ಟಿ ಜಂತಿಗೆ ತೂಗಹಾಕುವುದನ್ನು ಶಿಕ್ಷಣವೆಂದು ಕರೆಯುವ ಧೈರ್ಯ ನನಗಿಲ್ಲ.

ನಮ್ಮ ಈಚೆ ದಡದ ಕಥೆ ಸ್ವಲ್ಪ ಬೇರೆ. 1948ರವರೆಗೆ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಮೇಲಿನ ಶಿಕ್ಷಣವೆಲ್ಲ ಉರ್ದುವಿನಲ್ಲಿ. ಕನ್ನಡದ ಮಗುವಿಗೆ ಕನ್ನಡದಲ್ಲಿ ಅಕ್ಷರ ಕಲಿಸಬೇಕಾದರೆ ಊರಿನವರೇ ಕೂಡಿ ಖಾಸಗಿ ಶಾಲೆ ನಡೆಸಬೇಕಾಗಿತ್ತು. 1920ರ ದಶಕದಲ್ಲಿ ಅಂಥ ಶಾಲೆಗೂ ಸರಕಾರದ ಪೂರ್ವಾನುಮತಿ ಬೇಕೆಂಬ ಕಟ್ಟಳೆ ಬಂದಿತು. ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದುದು ಇಂಥ ಕಾಲದಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಆ ಮಹನೀಯರು ಸರಕಾರದ ಅವಕೃಪೆಗೆ ಗುರಿಯಾಗಿ ರಾಯಚೂರನ್ನು ಬಿಟ್ಟು ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿಕೊಂಡರು. ಶಾಲೆಯನ್ನು ನಡೆಸುವ ಹಕ್ಕು ಯಾರದು, ಊರಿನದೋ ಸರಕಾರದ್ದೋ ಎಂಬ ಪ್ರಶ್ನೆ ನಮ್ಮಲ್ಲಿಯೂ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಅಮೆರಿಕದಲ್ಲಿ ಆ ಪ್ರಶ್ನೆ ಎದ್ದ ಬಗೆ ಹೀಗೆ. ಒಂದು ಕಾಲಕ್ಕೆ ಅಲ್ಲಿಯ ಹಳ್ಳಿಗಳಲ್ಲೆಲ್ಲ ಸರಕಾರದ ಶಾಲೆಗಳೂ ಒಂದೇ ಕೋಣೆಯವು. ಆಮಿಶ್ ಮಕ್ಕಳು ಉಳಿದವರೊಡನೆ ಅಲ್ಲಿಯೇ ಕಲಿಯುತ್ತಿದ್ದರು. 20ನೆಯ ಶತಮಾನದಲ್ಲಿ ಚಿಕ್ಕ ಶಾಲೆಗಳನ್ನು ಮುಚ್ಚಿ, ಹತ್ತಾರು ಹಳ್ಳಿಗಳಿಗೊಂದು ದೊಡ್ಡ ಶಾಲೆ ಕಟ್ಟಿ, ಮಕ್ಕಳನ್ನು ಬಸ್ಸಿನಲ್ಲಿ ಸಾಗಿಸುವ ಏರ್ಪಾಡು ಬಂದಿತು. ನಡೆದು ಹೋಗುವ ದೂರದ ಶಾಲೆ, ಗುರುತಿನ ಉಪಾಧ್ಯಾಯಿನಿ ಇವೆರಡೂ ಕೈಬಿಟ್ಟುಹೋದಾಗ ಆಮಿಶರು ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಳ್ಳತೊಡಗಿದರು. ಸರಕಾರ ಒಪ್ಪಲಿಲ್ಲ. ತಂದೆಯರು ದಂಡ ತೆತ್ತರು, ಸೆರೆಮನೆಗೂ ಹೋದರು. 1965ರ ನವೆಂಬರ್ 19ರಂದು ಅಯೋವಾ ರಾಜ್ಯದ ಹೇಜಲ್‌ಟನ್ ಎಂಬಲ್ಲಿ ಅಧಿಕಾರಿಗಳು ಬಸ್ಸು ತಂದು ಆಮಿಶ್ ಶಾಲೆಯ ಬಾಗಿಲಲ್ಲಿ ನಿಲ್ಲಿಸಿದರು. ಮಕ್ಕಳನ್ನು ಊರಿನ ದೊಡ್ಡ ಶಾಲೆಗೆ ಒಯ್ಯುವುದು ಅವರ ಉದ್ದೇಶ. ಯಾರೋ ಓಡಿರೆಂದು ಕೂಗಿದರು. ಮಕ್ಕಳು ಬೇಲಿ ಹಾರಿ ಮೆಕ್ಕೆಜೋಳದ ಹೊಲದೊಳಕ್ಕೆ ಓಡಿದರು. ಓಡುತ್ತಿರುವ ಆ ಮಕ್ಕಳ ಛಾಯಾಚಿತ್ರ ಮರುದಿನ ಪತ್ರಿಕೆಗಳಲ್ಲಿ ಬಂದು ಅಮೆರಿಕದ ಜನರ ಮನಸ್ಸನ್ನು ಕಲಕಿತು. ಶಾಲೆಗೆ ಹೋಗುವುದಕ್ಕೆ ಹೆದರಿ ಮಕ್ಕಳು ಓಡುವುದನ್ನು ನಾವು ಉಪಾಧ್ಯಾಯರು ಕಂಡಿದ್ದೇವೆ. ತಮ್ಮ ಶಾಲೆಯನ್ನು ಬಿಟ್ಟುಕೊಡಲಾರದೆ ಓಡಿದ ಮಕ್ಕಳ ಕಥೆಯನ್ನು ನಾನು ಕೇಳಿದುದು ಇದೊಂದೇ.

ಚಿಕ್ಕ ಶಾಲೆಯ ವಿಷಯದಲ್ಲಿ ನಾನು ಪೂರ್ತಿಯಾಗಿ ಆಮಿಶರ ಪಕ್ಷ. ನನ್ನ ಮೊದಲ ನೇಮಕ ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಆಯಿತು. ಒಂದರಿಂದ ನಾಲ್ಕರವರೆಗೆ ನಾಲ್ಕು ತರಗತಿ, ಒಂದು ಕೋಣೆ, ಮೂವತ್ತೆಂಟು ಮಕ್ಕಳು. ಯಾವ ಮಗು ಯಾವ ದಿನ ರೊಟ್ಟಿ ತಿನ್ನದೆ ಬಂದಿದೆ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಒಬ್ಬ ಹುಡುಗ ಎರಡು ದಿನ ಬಾರದಿದ್ದರೆ ಸಂಜೆ ಅವನ ಮನೆಯ ಕಟ್ಟೆಯ ಮೇಲೆ ನಾನು ಕುಳಿತಿರುತ್ತಿದ್ದೆ. ಮುಂದೆ ರಾಯಚೂರು ನಗರದ ದೊಡ್ಡ ಪ್ರೌಢಶಾಲೆಯಲ್ಲಿ ಎಪ್ಪತ್ತು ಮಕ್ಕಳ ತರಗತಿಗೆ ಪಾಠ ಹೇಳುವಾಗ ವರ್ಷ ಮುಗಿದರೂ ಕೆಲವರ ಹೆಸರು ನನಗೆ ತಿಳಿದಿರಲಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಹಳ್ಳಿಯ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಆಗಾಗ ಕೇಳಿಬರುತ್ತದೆ. ಖರ್ಚಿನ ಲೆಕ್ಕದಲ್ಲಿ ಅದು ಸರಿಯಿದ್ದೀತು. ಆದರೆ ಪಕ್ಕದೂರಿಗೆ ಎರಡು ಮೈಲಿಯ ಕಪ್ಪುನೆಲದ ದಾರಿ. ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲಿನವರೆಗೆ ಹಿಡಿಯುತ್ತದೆ. ನಡುವೆ ಒಂದು ಹಳ್ಳ. ಗಂಡುಹುಡುಗ ಹೇಗೋ ಹೋದಾನು. ಹೆಣ್ಣುಮಗಳನ್ನು ತಾಯಿ ಕಳುಹಿಸಳು. ಶಾಲೆ ದೂರವಾದಂತೆ ಮೊದಲು ಬಿಡುವವಳು ಹುಡುಗಿ. ಇದನ್ನು ಹಾಜರಿ ಪುಸ್ತಕವನ್ನು ಇಟ್ಟುಕೊಂಡ ಯಾವ ಉಪಾಧ್ಯಾಯನೂ ಹೇಳಬಲ್ಲ.

ಆದರೆ ಎಂಟನೆಯ ತರಗತಿಗೆ ನಿಲ್ಲಿಸುವ ವಿಷಯ ಬೇರೆ. ಅಲ್ಲಿ ನನ್ನ ಮತವೂ ಬೇರೆ.

ವಿಸ್ಕಾನ್ಸಿನ್ ರಾಜ್ಯದಲ್ಲಿ ಹದಿನಾರು ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಎಂಟನೆಯ ತರಗತಿ ಮುಗಿಸಿದ ಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸಲಿಲ್ಲವೆಂದು ಜೋನಾಸ್ ಯೋಡರ್ ಮತ್ತು ಇನ್ನಿಬ್ಬರು ತಂದೆಯರಿಗೆ ಐದೈದು ಡಾಲರು ದಂಡ ವಿಧಿಸಲಾಯಿತು. ದಂಡ ಅಲ್ಪವಾದುದು, ತತ್ತ್ವ ದೊಡ್ಡದು. ವ್ಯಾಜ್ಯವಾಡುವುದು ತಮ್ಮ ಧರ್ಮಕ್ಕೆ ಒಪ್ಪದ ಸಂಗತಿಯಾದುದರಿಂದ ಆಮಿಶರು ತಾವಾಗಿ ನ್ಯಾಯಾಲಯದ ಮೆಟ್ಟಿಲು ಏರುವವರಲ್ಲ. ಅವರ ಪರವಾಗಿ ಹೊರಗಿನ ಸಜ್ಜನರೇ ಒಂದು ಸಮಿತಿ ಮಾಡಿಕೊಂಡು ವಾದ ನಡೆಸಿದರು. 1972ರ ಮೇ 15ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆಮಿಶರ ಪರವಾಗಿ ತೀರ್ಪು ಕೊಟ್ಟಿತು. ಎಂಟನೆಯ ತರಗತಿಯ ಅನಂತರ ಆ ಮಕ್ಕಳು ಸುಮ್ಮನೆ ಕೂಡುವುದಿಲ್ಲ. ಹೊಲದಲ್ಲಿ, ಮನೆಯಲ್ಲಿ ಬದುಕಿನ ವಿದ್ಯೆಯನ್ನು ಕಲಿಯುತ್ತಾರೆ. ಅದೂ ಶಿಕ್ಷಣವೇ ಎಂಬುದು ತೀರ್ಪಿನ ಒಂದು ಆಧಾರ.

ಈ ಮಾತು ಆಕರ್ಷಕವಾಗಿದೆ. ನಮ್ಮಲ್ಲಿಯೂ ಇದನ್ನು ಹೇಳುವವರಿದ್ದಾರೆ: ಓದಿದ ಹುಡುಗ ನೇಗಿಲು ಹಿಡಿಯುವುದಿಲ್ಲ, ಹತ್ತನೆಯ ತರಗತಿ ಫೇಲಾದವನು ಮನೆಗೂ ಇಲ್ಲ, ಕಚೇರಿಗೂ ಇಲ್ಲ, ಎಂಟರವರೆಗೆ ಕಲಿತು ಕಸುಬು ಹಿಡಿದರೆ ಸಾಲದೆ? ಅವರಿಗೆ ನಾನು ಹೇಳುವುದಿಷ್ಟೇ. ಆಮಿಶ್ ಹುಡುಗ ಶಾಲೆ ಬಿಟ್ಟು ನಡೆಯುವುದು ತನ್ನ ತಂದೆಯ ಹೊಲಕ್ಕೆ, ಇಲ್ಲವೆ ಚಿಕ್ಕಪ್ಪನ ಬಡಿಗತನದ ಅಂಗಡಿಗೆ. ಅವನ ಮನೆ ಸುಟ್ಟರೆ ಊರೆಲ್ಲ ಕೂಡಿ ಕಟ್ಟಿಕೊಡುತ್ತದೆ. ದೇವದುರ್ಗದ ಹುಡುಗ ಶಾಲೆ ಬಿಟ್ಟು ನಡೆಯುವುದು ಬೇರೆಯವರ ಹತ್ತಿಯ ಹೊಲಕ್ಕೆ, ಬೇರೆಯವರ ಮೆಣಸಿನಕಾಯಿಯ ಕಣಕ್ಕೆ. ಮಳೆ ತಪ್ಪಿದ ವರ್ಷ ಗಂಟುಮೂಟೆ ಕಟ್ಟಿಕೊಂಡು ತಂದೆತಾಯಿಗಳೊಡನೆ ಗುಳೆ ಹೋಗುತ್ತಾನೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ತಾನೆಂದೂ ವಾಸಿಸದ ಮಹಡಿಗಳಿಗೆ ಇಟ್ಟಿಗೆ ಹೊರುತ್ತಾನೆ. ಅಲ್ಲಿ ಬದುಕಿನ ವಿದ್ಯೆಯನ್ನು ಕಲಿಸಲು ಯಾವ ಚಿಕ್ಕಪ್ಪನೂ ಕಾದಿರುವುದಿಲ್ಲ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆಯೂ ನೀರು ತಂದಿವೆ ನಿಜ. ಆದರೆ ನೀರು ಹರಿಯುವುದು ಹೊಲ ಉಳ್ಳವರ ಬದುವಿನೊಳಗೆ. ಹೊಲವಿಲ್ಲದ ಮನೆಯ ಮಗುವಿಗೆ ಪಿತ್ರಾರ್ಜಿತವಾಗಿ ದೊರೆಯಬಲ್ಲುದು ಓದೊಂದೇ. ಅದನ್ನು ಎಂಟಕ್ಕೆ ಕತ್ತರಿಸಿ ಅದಕ್ಕೆ ಸರಳಜೀವನವೆಂದು ಹೆಸರಿಡುವುದು ಉಳ್ಳವರ ವಿನೋದ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನೂ ಮುಟ್ಟಿರಲಿಲ್ಲ. ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಕ್ಷರ ಬರುತ್ತಿರಲಿಲ್ಲ.

ಇಲ್ಲಿ ನಿಮಗೆ ಒಂದು ಸಂಗತಿಯನ್ನು ತಿಳಿಸಬೇಕು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಭರವಸೆ ಕೊಡುತ್ತದೆ. ಅಂದರೆ ನಮ್ಮ ಕಾನೂನೂ ಎಂಟನೆಯ ತರಗತಿಯ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ನೀವು ಈ ಕಾಯಿದೆಯ ಬಲದಿಂದ ಕುಳಿತವರಲ್ಲ. ಮನೆಯಲ್ಲಿ ಯಾರೋ ಒಬ್ಬರು ಹಟ ಹಿಡಿದುದರಿಂದ ಕುಳಿತವರು. ಆ ಒಬ್ಬರು ತಾಯಿಯಿರಬಹುದು, ಅಜ್ಜನಿರಬಹುದು. ನೀವೇ ಇರಲೂಬಹುದು.

ವಿಸ್ಕಾನ್ಸಿನ್ನಿನ ಆ ಮೊಕದ್ದಮೆಯಲ್ಲಿ ಡಗ್ಲಸ್ ಎಂಬ ನ್ಯಾಯಮೂರ್ತಿ ಉಳಿದವರೊಡನೆ ಪೂರ್ತಿಯಾಗಿ ಒಪ್ಪಲಿಲ್ಲ. ಅವರ ಆಕ್ಷೇಪ ಸರಳವಾದುದು: ತಂದೆಯರ ಮಾತನ್ನು ಎಲ್ಲರೂ ಕೇಳಿದಿರಿ, ಸರಕಾರದ ಮಾತನ್ನೂ ಕೇಳಿದಿರಿ, ಮಕ್ಕಳನ್ನು ಕೇಳಿದಿರಾ? ಮೂವರು ಮಕ್ಕಳಲ್ಲಿ ಒಬ್ಬಳು ಮಾತ್ರ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದು, ಪ್ರೌಢಶಾಲೆ ತನ್ನ ಧರ್ಮಕ್ಕೂ ಒಗ್ಗದೆಂದು ಹೇಳಿದ್ದಳು. ಅವಳ ಮಟ್ಟಿಗೆ ಡಗ್ಲಸರು ತೀರ್ಪನ್ನು ಒಪ್ಪಿದರು. ಉಳಿದಿಬ್ಬರ ವಿಷಯದಲ್ಲಿ ಒಪ್ಪಲಿಲ್ಲ. ಆ ಮಗುವಿಗೆ ಪಿಯಾನೊ ನುಡಿಸುವ ಆಸೆಯಿರಬಹುದು, ಗಗನಯಾತ್ರಿಯಾಗುವ ಆಸೆಯಿರಬಹುದು, ಸಾಗರವನ್ನು ಶೋಧಿಸುವ ಆಸೆಯಿರಬಹುದು. ಶಾಲೆಯ ಬಾಗಿಲು ಮುಚ್ಚಿದರೆ ಆ ದಾರಿಗಳೂ ಮುಚ್ಚಿದಂತೆ ಎಂಬುದು ಅವರ ವಾದದ ತಿರುಳು.

ಈ ವಾದವನ್ನು ನಾನು ಓದಿದುದು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ. ಓದಿ ಪುಸ್ತಕವನ್ನು ಮುಚ್ಚಿಟ್ಟೆ. 1989ರ ಜನವರಿ ತಿಂಗಳು ನನ್ನ ಕಣ್ಣ ಮುಂದೆ ಬಂದು ನಿಂತಿತ್ತು.

ಆಗ ನಾನು ದೇವದುರ್ಗದ ಕಡೆಯ ಇನ್ನೊಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಆ ಕಾಲಕ್ಕೆ ಅದು ಏಳನೆಯ ತರಗತಿಗೆ ಮುಗಿಯುತ್ತಿತ್ತು. ಏಳರಲ್ಲಿ ಒಬ್ಬ ಹುಡುಗಿಯಿದ್ದಳು, ದುಂಡಗಿನ ಅಕ್ಷರ. ದಿನವೂ ಪ್ರಾರ್ಥನೆಗೆ ಮುಂಚೆ ಕಪ್ಪುಹಲಗೆಯ ಮೂಲೆಯಲ್ಲಿ ತಾರೀಖು, ವಾರ, ಹಾಜರಿಯ ಸಂಖ್ಯೆಗಳನ್ನು ಬರೆಯುವುದು ಅವಳ ಕೆಲಸ. ಒಂದು ಮಧ್ಯಾಹ್ನ ಅವಳ ತಂದೆ ಬಂದರು. “ಮಳಿ ಕೈ ಕೊಟ್ಟದ ಸರ. ನಾಳಿ ನಾವು ಊರು ಬಿಡ್ತೀವಿ. ಕೂಸು ನೋಡಾಕ ಯಾರೂ ಇಲ್ರಿ. ಈಕಿ ಟೀಸಿ ಕೊಟ್ಟಬಿಡ್ರಿ” ಎಂದರು. ಬೇವಿನ ಮರದ ಕೆಳಗೆ ಇಬ್ಬರೂ ಅರ್ಧ ಗಂಟೆ ಕುಳಿತೆವು. ಜೋಳದ ಧಾರಣೆ, ಸಾಹುಕಾರರ ಬಡ್ಡಿ, ದೂರದ ಊರಿನಲ್ಲಿ ಸಿಗಬಹುದಾದ ಕೂಲಿ ಎಲ್ಲವನ್ನೂ ಮಾತಾಡಿದೆವು. ಅವರ ಕಷ್ಟ ನಿಜವಾದುದು. ನನಗೆ ಎದುರು ಹೇಳಲು ಬಾಯಿ ಬರಲಿಲ್ಲ. ಪ್ರಮಾಣಪತ್ರದಲ್ಲಿ ಶಾಲೆ ಬಿಟ್ಟ ಕಾರಣವೆಂಬಲ್ಲಿ ‘ಪಾಲಕರ ಇಚ್ಛೆ’ ಎಂದು ಬರೆದು ಸಹಿ ಹಾಕಿದೆ. ಅಷ್ಟು ಹೊತ್ತೂ ಹುಡುಗಿ ತರಗತಿಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಕಡೆಗೆ ತಿರುಗಿ ನಾನು ಒಂದು ಮಾತನ್ನೂ ಕೇಳಲಿಲ್ಲ. ಹೊರಡುವಾಗ ಅವಳೇ ಕೇಳಿದಳು: “ನಾಳಿ ತಾರೀಖು ಯಾರು ಬರೀತಾರ್ರಿ ಸರ?”

“ಯಾರರ ಬರೀತಾರ ಬಿಡವ್ವ” ಎಂದೆ.

ಮರುದಿನ ಬೆಳಿಗ್ಗೆ ಹಲಗೆಯ ಮೂಲೆಯಲ್ಲಿ ಹಿಂದಿನ ದಿನದ ತಾರೀಖೇ ಇತ್ತು. ಅದನ್ನು ಒರೆಸಲು ಹೋದಾಗ ನೆನಪಾಯಿತು: ಆ ಮನೆಯ ಮುದುಕಿ ಗುಳೆ ಹೋಗುವುದಿಲ್ಲ, ಪ್ರತಿಸಲವೂ ಊರಿನಲ್ಲಿಯೇ ಉಳಿಯುತ್ತಾಳೆ. ಹುಡುಗಿ ಅಜ್ಜಿಯ ಹತ್ತಿರ ಇದ್ದುಕೊಂಡು ಮಾರ್ಚ್ ತಿಂಗಳ ಪರೀಕ್ಷೆಗೆ ಕೂಡಬಹುದಾಗಿತ್ತು. ಅವಳನ್ನು ಕೇಳಿದ್ದರೆ ಅವಳೇ ಹೇಳುತ್ತಿದ್ದಳೇನೋ. ಒಬ್ಬ ಹುಡುಗನನ್ನು ಅವರ ಮನೆಯ ಕಡೆಗೆ ಓಡಿಸಿದೆ. ಅವನು ಏದುತ್ತ ಹಿಂತಿರುಗಿ ಬಂದು, ಬೆಳಗಿನ ಜಾವದ ಬಸ್ಸಿಗೇ ಅವರು ರಾಯಚೂರಿಗೆ ಹೋದರೆಂದು ಹೇಳಿದ.